ಕರುಳಿನ ವ್ರಣವೂ ಹನ್ನೆರಡು ಕೋಟಿ ಜೀವಕೋಶಗಳೂ

ಬೆಂಗಳೂರಿನ ಪೂರ್ವಭಾಗದಲ್ಲಿ ನಾನು ವಾಸಮಾಡುತ್ತಿರುವ ಬಡಾವಣೆಗೆ ಸರ್ ಸಿ.ವಿ. ರಾಮನ್ನರ ಹೆಸರಿದೆ. ಇಲ್ಲಿ ದಿನವೂ ಆ ಹೆಸರನ್ನು ಬಸ್ಸಿನ ಫಲಕದ ಮೇಲೆ ಓದುವ ಸಾವಿರಾರು ಮಂದಿಯಲ್ಲಿ, ರಾಮನ್ನರು ಬೆಳಕಿನ ಹೊಸ ಚದುರಿಕೆಯನ್ನು ಪ್ರಕಟಿಸುವ ಮುನ್ನ ಅದನ್ನು ಎಷ್ಟು ದ್ರವಗಳಲ್ಲಿ ಪರೀಕ್ಷಿಸಿದ್ದರೆಂಬುದನ್ನು ಬಲ್ಲವರು ಕೆಲವರೇ ಇದ್ದಾರು. ಆ ಸಂಖ್ಯೆಯನ್ನು ಈ ಲೇಖನದ ಕೊನೆಯಲ್ಲಿ ಹೇಳುತ್ತೇನೆ. ಅದಕ್ಕೂ ಒಂದು ಕಾಯಿಲೆಗೂ ಇರುವ ಸಂಬಂಧವು ಅಷ್ಟರಲ್ಲಿ ವಾಚಕರಿಗೇ ತಿಳಿದೀತು.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಕಗ್ಗದಾಸಪುರದಲ್ಲಿರುವ ನನ್ನ ಶಿಷ್ಯನೊಬ್ಬನು ಮನೆಗೆ ಬಂದನು. ಅವನ ಕೈಯಲ್ಲಿ ಬಣ್ಣದ ಕಾಗದವೊಂದಿದ್ದಿತು.

"ಸರ್, ನಮ್ಮ ಅಣ್ಣನಿಗೆ ಕ್ರಾನ್ಸ್ ಕಾಯಿಲೆ ಇದೆ. ಆರು ವರ್ಷವಾಯಿತು. ಸ್ಟೆಮ್ ಸೆಲ್ ಪ್ರಯೋಗಕ್ಕೆ ಸೇರಿದರೆ ವಾಸಿಯಾಗುತ್ತದೆಂದು ಇದರಲ್ಲಿ ಬರೆದಿದ್ದಾರೆ. ಅದಕ್ಕೆ ಹಣ ಕಟ್ಟಬೇಕಂತೆ. ಅಮ್ಮ ಬಳೆಗಳನ್ನು ಅಡವಿಡಲು ಸಿದ್ಧವಾಗಿದ್ದಾರೆ. ಸೇರಬಹುದೆ?" ಎಂದು ಕೇಳಿದನು.

ನಾನು ವೈದ್ಯನಲ್ಲ, ಭೌತವಿಜ್ಞಾನದ ಅಧ್ಯಾಪಕ. ಯಾವ ಔಷಧಿಯನ್ನು ಸೇವಿಸಬೇಕೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ 'ಪ್ರಯೋಗ' ಎಂಬ ಮಾತು ನನ್ನ ವೃತ್ತಿಗೆ ಸೇರಿದುದು. ಪ್ರಯೋಗವೆಂದರೆ ಏನು, ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಅವನಿಗೆ ವಿವರಿಸಿದೆನು. ಅದನ್ನೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

ಕಾಯಿಲೆಯ ಪರಿಚಯ

1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರಾನ್, ಲಿಯಾನ್ ಗಿಂಜ್‌ಬರ್ಗ್, ಗಾರ್ಡನ್ ಓಪನ್‌ಹೈಮರ್ ಎಂಬ ಮೂವರು ವೈದ್ಯರು ಸಣ್ಣಕರುಳಿನ ಕೊನೆಯ ಭಾಗ ಊದಿಕೊಂಡು ಹುಣ್ಣಾಗುವ ಕಾಯಿಲೆಯೊಂದನ್ನು ವರ್ಣಿಸಿದರು. ಮೊದಲ ವೈದ್ಯರ ಹೆಸರೇ ಕಾಯಿಲೆಗೆ ನಿಂತಿತು. ಬಾಯಿಯಿಂದ ಗುದದ್ವಾರದವರೆಗೆ ಜೀರ್ಣಾಂಗದ ಯಾವ ಭಾಗದಲ್ಲಾದರೂ ಇದು ತಲೆದೋರಬಹುದೆಂದು ಆಮೇಲೆ ತಿಳಿದುಬಂದಿತು. ಹೊಟ್ಟೆನೋವು, ಭೇದಿ, ತೂಕ ಇಳಿಯುವುದು, ಆಯಾಸ ಇವು ಸಾಮಾನ್ಯ ಲಕ್ಷಣಗಳು. ಕೆಲಕಾಲ ಅಡಗಿರುವುದು, ಮತ್ತೆ ಕೆರಳುವುದು ಇದರ ಸ್ವಭಾವ.

ನಮ್ಮ ದೇಹದಲ್ಲಿ ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳ ಸೈನ್ಯವಿದೆಯಷ್ಟೆ. ಕರುಳಿನಲ್ಲಿ ಈ ಸೈನ್ಯವು ಬಹು ಸಂಯಮದಿಂದ ಇರಬೇಕಾಗುತ್ತದೆ. ಏಕೆಂದರೆ ಅಲ್ಲಿ ಅಸಂಖ್ಯ ಬ್ಯಾಕ್ಟೀರಿಯಗಳು ನಿರಪಾಯವಾಗಿ ವಾಸಿಸುತ್ತವೆ. ಕ್ರಾನ್ಸ್ ಕಾಯಿಲೆಯಲ್ಲಿ ಆ ಸಂಯಮ ತಪ್ಪುತ್ತದೆ. ಸೈನ್ಯವು ತನ್ನ ಊರಿನ ಗೋಡೆಯನ್ನೇ ಒಡೆಯತೊಡಗುತ್ತದೆ. ಉರಿಯೂತವು ಕರುಳಿನ ಗೋಡೆಯ ಎಲ್ಲ ಪದರಗಳನ್ನೂ ಹಾಯ್ದು, ಕೆಲವರಲ್ಲಿ ಕರುಳಿನಿಂದ ಚರ್ಮದವರೆಗೆ ಸುರಂಗದಂತಹ ದಾರಿಯನ್ನು ಕೊರೆದುಬಿಡುತ್ತದೆ. ಗುದದ ಬಳಿ ಕಾಣುವ ಇಂತಹ ಸುರಂಗವ್ರಣಕ್ಕೆ ನಮ್ಮ ಹಿರಿಯರು 'ಭಗಂದರ' ಎಂದು ಹೆಸರಿಟ್ಟಿದ್ದರು. ಅದರಿಂದ ಕೀವು ಸೋರುತ್ತಿರುತ್ತದೆ. ಕುಳಿತುಕೊಳ್ಳುವುದೂ ಕಷ್ಟ, ಹೇಳಿಕೊಳ್ಳುವುದೂ ಕಷ್ಟ. ನನ್ನ ಶಿಷ್ಯನ ಅಣ್ಣನದು ಇದೇ ಸ್ಥಿತಿ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕುಂಟು. ಕರುಳಿನ ಕ್ಷಯವೂ ಹೆಚ್ಚುಕಡಮೆ ಇದೇ ಲಕ್ಷಣಗಳನ್ನು ತೋರುತ್ತದೆ. ಕ್ರಾನ್ಸ್‌ಗೆ ಕೊಡುವ ಔಷಧಿಗಳಲ್ಲಿ ಹಲವು ದೇಹದ ರಕ್ಷಣಾಶಕ್ತಿಯನ್ನು ತಗ್ಗಿಸತಕ್ಕವು. ಕ್ಷಯವಿರುವವನಿಗೆ ಅವನ್ನು ಕೊಟ್ಟರೆ ರೋಗ ಉಲ್ಬಣಿಸೀತು. ಆದುದರಿಂದ ಇವೆರಡನ್ನೂ ಬೇರ್ಪಡಿಸಿ ಗುರುತಿಸುವುದು ಇಲ್ಲಿಯ ವೈದ್ಯರ ಮೊದಲ ಕೆಲಸ. ಸ್ಟೀರಾಯ್ಡುಗಳು, ಅಜಥಯೋಪ್ರಿನ್, 1998ರಿಂದ ಬಳಕೆಗೆ ಬಂದ ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದುವು ಕಾಯಿಲೆಯನ್ನು ಹತೋಟಿಯಲ್ಲಿಡುತ್ತವೆ. ಬೇರುಸಹಿತ ಕಿತ್ತುಹಾಕುವ ಔಷಧಿಯು ಇನ್ನೂ ದೊರೆತಿಲ್ಲ. ಹೊಸ ದಾರಿಗಳನ್ನು ಹುಡುಕುವುದಕ್ಕೆ ಇದೇ ಕಾರಣ.

ಕೋಶಚಿಕಿತ್ಸೆ ಎಂದರೇನು?

ಅಸ್ಥಿಮಜ್ಜೆಯಲ್ಲಿಯೂ ಕೊಬ್ಬಿನಲ್ಲಿಯೂ ಒಂದು ಬಗೆಯ ಜೀವಕೋಶಗಳಿವೆ. ಗಾಜಿನ ಬಟ್ಟಲಿನಲ್ಲಿ ತಕ್ಕ ಆಹಾರ ಒದಗಿಸಿದರೆ ಇವು ವೃದ್ಧಿಹೊಂದುತ್ತವೆ. ಮೂಳೆಯಾಗಿಯೋ ಮೃದ್ವಸ್ಥಿಯಾಗಿಯೋ ಕೊಬ್ಬಾಗಿಯೋ ಮಾರ್ಪಡಬಲ್ಲವು. ಇವಕ್ಕೆ 'ಮೆಸೆಂಕೈಮಲ್' ಆಕರಕೋಶಗಳೆಂದು ಹೆಸರು.

ಈ ಕೋಶಗಳನ್ನು ವ್ರಣಕ್ಕೆ ಚುಚ್ಚಿದರೆ ಅವೇ ಹೊಸ ಕರುಳಾಗಿ ಬೆಳೆದು ತೂತನ್ನು ಮುಚ್ಚುತ್ತವೆಂದು ಹಲವರು ಭಾವಿಸಿದ್ದಾರೆ. ವಾಸ್ತವವು ಹಾಗಿಲ್ಲ. ಚುಚ್ಚಿದ ಕೋಶಗಳು ಬಹುಕಾಲ ಉಳಿಯುವುದಿಲ್ಲ. ಕೆಲವು ದಿನ ಅಥವಾ ವಾರಗಳಲ್ಲಿ ನಶಿಸುತ್ತವೆ. ಅಷ್ಟರಲ್ಲಿ ಅವು ಸುತ್ತಲಿನ ಕೆರಳಿದ ಬಿಳಿಯ ಕಣಗಳನ್ನು ಶಾಂತಗೊಳಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ. ಇದರ ಒಂದು ವಿಧಾನವು ಸ್ವಾರಸ್ಯವಾಗಿದೆ. ಉರಿಯೂತದ ಸಂಕೇತ ತಲಪಿದೊಡನೆ ಈ ಕೋಶಗಳು ಒಂದು ಕಿಣ್ವವನ್ನು ತಯಾರಿಸುತ್ತವೆ. ಆ ಕಿಣ್ವವು ಟ್ರಿಪ್ಟೊಫಾನ್ ಎಂಬ ಅಮೈನೊ ಆಮ್ಲವನ್ನು ಒಡೆಯುತ್ತದೆ. ಬಿಳಿಯ ಕಣಗಳು ವೃದ್ಧಿಯಾಗಲು ಟ್ರಿಪ್ಟೊಫಾನ್ ಬೇಕೇ ಬೇಕು. ಅದು ದೊರೆಯದಿದ್ದರೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಕೆರಳಿದ ಸೈನ್ಯಕ್ಕೆ ದವಸ ಸರಬರಾಜು ನಿಲ್ಲಿಸಿದಂತಾಯಿತು.

ಇದು ತತ್ತ್ವ. ಬಟ್ಟಲಿನಲ್ಲಿ ನಡೆಯುವುದೆಲ್ಲವೂ ಮನುಷ್ಯನ ದೇಹದಲ್ಲಿ ನಡೆಯಲೇಬೇಕೆಂಬ ನಿಯಮವಿಲ್ಲ. ಅದನ್ನು ತಿಳಿಯಲು ಮನುಷ್ಯರ ಮೇಲೆಯೇ ಪರೀಕ್ಷೆ ನಡೆಯಬೇಕು.

ಒಂದು ಸಣ್ಣ ಲೆಕ್ಕ

ಯೂರೋಪಿನಲ್ಲಿ ಕ್ರಾನ್ಸ್ ಭಗಂದರಕ್ಕಾಗಿ ಸಿದ್ಧಪಡಿಸಿದ 'ಡಾರ್ವಾಡ್‌ಸ್ಟ್ರೊಸೆಲ್' ಎಂಬ ಔಷಧಿಯಲ್ಲಿ ದಾನಿಗಳ ಕೊಬ್ಬಿನಿಂದ ಪಡೆದು ಬೆಳಸಿದ ಇಂತಹ ಕೋಶಗಳಿದ್ದುವು. ಒಂದು ಚಿಕಿತ್ಸೆಗೆ 12 ಕೋಟಿ ಕೋಶಗಳು; ಅವು 24 ಮಿಲಿಲೀಟರು ದ್ರವದಲ್ಲಿ ತೇಲುತ್ತಿದ್ದುವು. ಹನ್ನೆರಡು ಕೋಟಿ ಎಂದೊಡನೆ ನಮಗೆ ದೊಡ್ಡ ರಾಶಿಯ ಕಲ್ಪನೆ ಬರುತ್ತದೆ. ಒಂದು ಕೋಶವನ್ನು 20 ಮೈಕ್ರಾನ್ ವ್ಯಾಸದ ಗೋಲವೆಂದು ಭಾವಿಸೋಣ. ಅದರ ತ್ರಿಜ್ಯ ಸೆಂಟಿಮೀಟರಿನ ಸಾವಿರದಲ್ಲೊಂದು ಭಾಗ. ಗಾತ್ರವು ಸುಮಾರು 4.2 ಘನ ಸೆಂಟಿಮೀಟರನ್ನು ನೂರು ಕೋಟಿಯಿಂದ ಭಾಗಿಸಿದಷ್ಟು. ಇದನ್ನು 12 ಕೋಟಿಯಿಂದ ಗುಣಿಸಿದರೆ ಅರ್ಧ ಘನ ಸೆಂಟಿಮೀಟರು! ಎಲ್ಲ ಕೋಶಗಳನ್ನೂ ಒತ್ತಿ ಕೂಡಿಸಿದರೆ ಒಂದು ಕಡಲೆಕಾಯಿ ಬೀಜದಷ್ಟಾದೀತು. ತೂತನ್ನು ತುಂಬುವ ಗಾರೆಯಾಗಿ ಇದು ಸಾಲದೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ. ಅದು ಕೆಲಸ ಮಾಡುವುದಾದರೆ ಸಂಕೇತಗಳ ಮೂಲಕವೇ ಮಾಡಬೇಕು.

ಚೀಟಿ ಎತ್ತುವುದೇಕೆ?

ಹತ್ತು ಮಂದಿ ರೋಗಿಗಳಿಗೆ ಔಷಧಿ ಕೊಟ್ಟೆವು, ಐವರು ಗುಣಹೊಂದಿದರು ಎನ್ನೋಣ. ಔಷಧಿಯಿಂದಲೇ ಗುಣವಾಯಿತೆ? ಈ ಕಾಯಿಲೆ ತಾನಾಗಿಯೇ ಅಡಗಿ ಮತ್ತೆ ಕೆರಳುವಂತಹುದು. ರೋಗಿಯು ಚಿಕಿತ್ಸೆಗೆ ಬರುವುದು ನೋವು ಬಹಳ ಹೆಚ್ಚಾದಾಗ. ಅಲ್ಲಿಂದ ಮುಂದೆ ಸ್ವಲ್ಪವಾದರೂ ಇಳಿಯುವುದೇ ಸಹಜ. ಇಳಿದ ನೋವಿನ ಕೀರ್ತಿಯನ್ನು ಆಗ ಕೈಯಲ್ಲಿದ್ದ ಔಷಧಿಯು ಪಡೆದುಕೊಳ್ಳುತ್ತದೆ.

ಆದುದರಿಂದ ರೋಗಿಗಳನ್ನು ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಔಷಧಿಯಿಲ್ಲದ ದ್ರವ. ಯಾರು ಯಾವ ಗುಂಪಿಗೆಂಬುದನ್ನು ವೈದ್ಯರಾಗಲಿ ರೋಗಿಯಾಗಲಿ ಆರಿಸುವುದಿಲ್ಲ. ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿಶ್ಚಯವಾಗುತ್ತದೆ. ಇದರಿಂದ ವಯಸ್ಸು, ರೋಗದ ತೀವ್ರತೆ, ನಮಗೆ ತಿಳಿಯದ ಇತರ ಕಾರಣಗಳೂ ಎರಡೂ ಕಡೆಗೆ ಸರಿಸುಮಾರಾಗಿ ಹಂಚಿಹೋಗುತ್ತವೆ. ಫಲವನ್ನು ಅಳೆಯುವವನಿಗೆ ಯಾರು ಯಾವ ಗುಂಪಿನವರೆಂಬುದು ತಿಳಿದಿರಬಾರದು. ತಿಳಿದಿದ್ದರೆ ಅವನ ಆಸೆಯೂ ಅಳತೆಯೊಳಗೆ ಸೇರುತ್ತದೆ.

ಹೀಗೆ ಮಾಡಿದರೂ ಅದೃಷ್ಟದ ಏರಿಳಿತ ಪೂರ್ತಿಯಾಗಿ ತಪ್ಪದು. ನಾಣ್ಯವನ್ನು 100 ಸಲ ಚಿಮ್ಮಿದರೆ 50 ಸಲವೇ ತಲೆ ಬೀಳುವುದೆಂಬ ಭರವಸೆಯಿಲ್ಲ. 45 ಅಥವಾ 55 ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಈ 5ನ್ನು ಮಾನಕ ವಿಚಲನೆ ಎನ್ನುತ್ತೇವೆ. ಗುಣಹೊಂದುವವರ ಅಂಶ ಪ ಆಗಿದ್ದು ರೋಗಿಗಳ ಸಂಖ್ಯೆ ನ ಆಗಿದ್ದರೆ, ಆ ಅಂಶದ ವಿಚಲನೆಯು ಪ(1−ಪ)/ನ ಎಂಬುದರ ವರ್ಗಮೂಲ. ಈ ಸೂತ್ರವೊಂದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಓದಿರಿ.

ಎರಡು ಪ್ರಯೋಗಗಳ ಕಥೆ

ಡಾರ್ವಾಡ್‌ಸ್ಟ್ರೊಸೆಲ್ ಔಷಧಿಯ ಮೊದಲ ದೊಡ್ಡ ಪರೀಕ್ಷೆಯು ಯೂರೋಪಿನ ಏಳು ದೇಶಗಳಲ್ಲಿಯೂ ಇಸ್ರೇಲಿನಲ್ಲಿಯೂ 212 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನವರಿಗೆ ಸುರಂಗವನ್ನು ಕೆರೆದು ಶುದ್ಧಿಮಾಡಿ ಒಳಬಾಯಿಗೆ ಹೊಲಿಗೆ ಹಾಕಲಾಯಿತು. ಆಮೇಲೆ ಒಂದು ಗುಂಪಿಗೆ ಕೋಶಗಳನ್ನೂ ಇನ್ನೊಂದಕ್ಕೆ ಉಪ್ಪುನೀರನ್ನೂ ಚುಚ್ಚಿದರು. 24 ವಾರಗಳ ತರುವಾಯ ಸೋರುತ್ತಿದ್ದ ಬಾಯಿಗಳೆಲ್ಲ ಮುಚ್ಚಿರಬೇಕು, ಎಂ.ಆರ್.ಐ. ಚಿತ್ರದಲ್ಲಿ ದೊಡ್ಡ ಕೀವಿನ ಕುಹರ ಕಾಣಬಾರದು. ಹೀಗಿದ್ದರೆ ಮಾತ್ರ ಗುಣವೆಂದು ಎಣಿಕೆ.

ಕೋಶಗಳನ್ನು ಪಡೆದ 107 ಮಂದಿಯಲ್ಲಿ 53 ಮಂದಿಗೆ, ಎಂದರೆ ಸುಮಾರು ನೂರಕ್ಕೆ 50 ಮಂದಿಗೆ ಗುಣವಾಯಿತು. ಉಪ್ಪುನೀರು ಪಡೆದ 105 ಮಂದಿಯಲ್ಲಿ 36 ಮಂದಿಗೆ, ಎಂದರೆ ನೂರಕ್ಕೆ 34 ಮಂದಿಗೆ ಗುಣವಾಯಿತು. ಬರಿಯ ಉಪ್ಪುನೀರಿನಿಂದ ಮೂವರಲ್ಲಿ ಒಬ್ಬನಿಗೆ ಗುಣವೆ ಎಂದು ಕೇಳಬಹುದು. ಶುದ್ಧಿ, ಹೊಲಿಗೆ, ನಿಕಟವಾದ ಆರೈಕೆ, ಕಾಯಿಲೆಯ ಸ್ವಾಭಾವಿಕ ಇಳಿತ ಇವೆಲ್ಲವೂ ಅದರಲ್ಲಿ ಸೇರಿವೆ. ಎರಡನೆಯ ಗುಂಪು ಇಲ್ಲದಿದ್ದಲ್ಲಿ 50ರ ಪೂರ್ತಿ ಕೀರ್ತಿಯೂ ಕೋಶಗಳಿಗೇ ಸಲ್ಲುತ್ತಿದ್ದಿತು.

ಈಗ ಸೂತ್ರವನ್ನು ಹಚ್ಚೋಣ. ಎರಡು ಗುಂಪುಗಳ ಸರಾಸರಿ ಅಂಶ 0.42, ಪ್ರತಿಗುಂಪಿನಲ್ಲಿ ಸುಮಾರು 106 ಮಂದಿ. ಒಂದು ಗುಂಪಿನ ವಿಚಲನೆ ಶೇಕಡಾ 4.8. ಎರಡರ ವ್ಯತ್ಯಾಸದ ವಿಚಲನೆಗೆ ಇದನ್ನು 2ರ ವರ್ಗಮೂಲದಿಂದ ಗುಣಿಸಬೇಕು; ಶೇಕಡಾ 6.8 ಬರುತ್ತದೆ. ಕಂಡ ವ್ಯತ್ಯಾಸ ಶೇಕಡಾ 15. ಎಂದರೆ ವಿಚಲನೆಯ ಎರಡೂಕಾಲರಷ್ಟು. ಔಷಧಿಯು ಕೇವಲ ನಿಷ್ಪ್ರಯೋಜಕವಾಗಿದ್ದರೂ ಇಷ್ಟು ದೊಡ್ಡ ವ್ಯತ್ಯಾಸವು ಅದೃಷ್ಟದಿಂದಲೇ ತಲೆದೋರುವ ಸಂಭವ ನೂರರಲ್ಲಿ ಎರಡು ಮೂರು ಸಲ ಮಾತ್ರ. ಫಲವು ಆಶಾದಾಯಕವಾಗಿಯೇ ಇದ್ದಿತು. 2018ರಲ್ಲಿ ಯೂರೋಪಿನಲ್ಲಿ ಔಷಧಿಗೆ ಮಾರಾಟದ ಅನುಮತಿ ದೊರೆಯಿತು.

ಎರಡನೆಯ ಪರೀಕ್ಷೆಯು ಇನ್ನೂ ದೊಡ್ಡದು. ಅದರಲ್ಲಿ 568 ರೋಗಿಗಳು. ಅದರ ಫಲ 2023ರಲ್ಲಿ ಹೊರಬಂದಿತು. ಕೋಶಗಳ ಗುಂಪಿನಲ್ಲಿ ನೂರಕ್ಕೆ 48.8 ಮಂದಿಗೆ ಗುಣ. ಇನ್ನೊಂದು ಗುಂಪಿನಲ್ಲಿ ನೂರಕ್ಕೆ 46.3 ಮಂದಿಗೆ. ವ್ಯತ್ಯಾಸ ಶೇಕಡಾ 2.5. ಇಲ್ಲಿ ವ್ಯತ್ಯಾಸದ ವಿಚಲನೆಯೇ ಶೇಕಡಾ 4.2 ಆಗುತ್ತದೆ. ಔಷಧಿಗೆ ಏನೂ ಶಕ್ತಿಯಿಲ್ಲದಿದ್ದರೂ ಅರ್ಧಕ್ಕಿಂತ ಹೆಚ್ಚು ಸಲ ಇಷ್ಟು ವ್ಯತ್ಯಾಸ ತಾನಾಗಿಯೇ ಬಂದೀತು! 2024ರ ಡಿಸೆಂಬರಿನಲ್ಲಿ ಔಷಧಿಯನ್ನು ಯೂರೋಪಿನ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದುಕೊಳ್ಳಲಾಯಿತು.

ಇಲ್ಲಿ ಯಾರೂ ಮೋಸಮಾಡಿದರೆಂದು ಭಾವಿಸಬಾರದು. ಮೊದಲ ಪ್ರಯೋಗವು ಪ್ರಾಮಾಣಿಕವಾದುದು, ಎರಡನೆಯದೂ ಪ್ರಾಮಾಣಿಕವಾದುದು. ನೂರರಲ್ಲಿ ಎರಡು ಮೂರು ಸಲ ಆಗತಕ್ಕದ್ದು ಆಗಲಾರದೆಂದು ಅರ್ಥವಲ್ಲ. ಅದಕ್ಕಾಗಿಯೇ ವಿಜ್ಞಾನವು ಎರಡನೆಯ ಸಲ ಕೇಳುತ್ತದೆ.

ಇದೇ ಕಾಯಿಲೆಗೆ ಇನ್ನೊಂದು ಕೋಶಚಿಕಿತ್ಸೆಯನ್ನೂ ಪರೀಕ್ಷಿಸಿದ್ದುಂಟು. ರೋಗಿಯ ಸ್ವಂತ ರಕ್ತೋತ್ಪಾದಕ ಕೋಶಗಳನ್ನು ತೆಗೆದಿಟ್ಟು, ಬಲವಾದ ಔಷಧಿಗಳಿಂದ ಕೆಟ್ಟ ಸೈನ್ಯವನ್ನು ಅಳಿಸಿ, ಮತ್ತೆ ಅವೇ ಕೋಶಗಳಿಂದ ಹೊಸ ಸೈನ್ಯ ಕಟ್ಟುವುದು ಇದರ ಕ್ರಮ. 2015ರಲ್ಲಿ ಪ್ರಕಟವಾದ ಯೂರೋಪಿನ ಪ್ರಯೋಗದಲ್ಲಿ 45 ರೋಗಿಗಳಿದ್ದರು. ಗೊತ್ತುಪಡಿಸಿದ ಕಟ್ಟುನಿಟ್ಟಾದ ಗುರಿಯನ್ನು ಮುಟ್ಟಿದವರು ಚಿಕಿತ್ಸೆಯ ಗುಂಪಿನಲ್ಲಿ ಇಬ್ಬರು, ಹೋಲಿಕೆಯ ಗುಂಪಿನಲ್ಲಿ ಒಬ್ಬರು. ಚಿಕಿತ್ಸೆ ಪಡೆದ ಒಬ್ಬರು ಮೃತಪಟ್ಟರು. 'ಕೋಶಚಿಕಿತ್ಸೆ' ಎಂಬ ಒಂದೇ ಮಾತಿನ ಕೆಳಗೆ ಬಹು ಭಿನ್ನವಾದ ಅಪಾಯಗಳು ಅಡಗಿರುತ್ತವೆಂಬುದಕ್ಕೆ ಇದು ನಿದರ್ಶನ.

ನಮ್ಮ ನಾಡಿನಲ್ಲಿ

ಕೋಶಗಳನ್ನು ಔಷಧಿಯಾಗಿಸುವ ಕೆಲಸವು ನಮ್ಮ ಊರಿನಲ್ಲಿಯೂ ನಡೆದಿದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಬೆಳಸಿದ 'ಸ್ಟೆಂಪ್ಯೂಸೆಲ್' ಎಂಬುದನ್ನು ಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುವ ಬರ್ಗರ್ ಕಾಯಿಲೆಗಾಗಿ ಹಂತಹಂತವಾಗಿ ಪರೀಕ್ಷಿಸಿತು. ತಂಬಾಕಿನ ಅಭ್ಯಾಸವಿರುವವರಲ್ಲಿ ಕಾಣುವ ಈ ಕಾಯಿಲೆಯಲ್ಲಿ ಬೆರಳು ಕೊಳೆತು ಕಾಲನ್ನೇ ಕತ್ತರಿಸಬೇಕಾಗಿ ಬರುವುದುಂಟು. 2016ರಲ್ಲಿ ಭಾರತದ ಔಷಧ ನಿಯಂತ್ರಕರು ಇದಕ್ಕೆ ಮಿತವಾದ ಅನುಮತಿಯನ್ನಿತ್ತರು. ಇದು ಕರುಳಿನ ಕಾಯಿಲೆಗೆ ದೊರೆತ ಅನುಮತಿಯಲ್ಲ. ಒಂದು ಕಾಯಿಲೆಯ ಅನುಮತಿಯನ್ನು ತೋರಿಸಿ ಇನ್ನೊಂದಕ್ಕೆ ಮಾರುವುದು ಶಾಸ್ತ್ರಸಮ್ಮತವಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಸೇರಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ರಕ್ತಸಂಬಂಧವಾದ ಕೆಲವು ರೋಗಗಳಲ್ಲಿ ರೂಢಿಯಲ್ಲಿರುವ ಕಸಿಯನ್ನು ಬಿಟ್ಟು ಉಳಿದ ಆಕರಕೋಶ ಬಳಕೆಯನ್ನು ಸಂಶೋಧನೆಯೆಂದೇ ಎಣಿಸಿತು. ಒಪ್ಪಿಗೆ ಪಡೆದ ಪ್ರಯೋಗದ ಹೊರಗೆ ಅದನ್ನು ಕೊಡಕೂಡದೆಂದು ವಿಧಿಸಿತು. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳು ಪ್ರಯೋಗಕ್ಕೆ ಸೇರುವವನ ಹಕ್ಕುಗಳನ್ನು ಬರೆದಿಟ್ಟಿವೆ. ಪ್ರಯೋಗವನ್ನು ಕನಿಷ್ಠ 7 ಮಂದಿ ಸದಸ್ಯರ ನೀತಿ ಸಮಿತಿಯು ಪರಿಶೀಲಿಸಬೇಕು. ಅದರಲ್ಲಿ ವೈದ್ಯರಲ್ಲದೆ ಕಾನೂನು ಬಲ್ಲವರೂ ಮಹಿಳೆಯೂ ಸಾಮಾನ್ಯ ನಾಗರಿಕರೊಬ್ಬರೂ ಇರಬೇಕು. ಪ್ರಯೋಗದಿಂದ ದೇಹಕ್ಕೆ ಹಾನಿಯಾದರೆ ಉಚಿತ ಚಿಕಿತ್ಸೆಯೂ ನಿಯಮದಂತೆ ಪರಿಹಾರವೂ ಸಲ್ಲಬೇಕು. 2007ರಲ್ಲಿ ಆರಂಭವಾದ ಭಾರತದ ವೈದ್ಯಕೀಯ ಪ್ರಯೋಗ ದಾಖಲೆಯಲ್ಲಿ ಮೊದಲೇ ನೋಂದಾಯಿಸಿರಬೇಕು. ಈ ದಾಖಲೆಯನ್ನು ಯಾರು ಬೇಕಾದರೂ ತೆರೆದು ಓದಬಹುದು.

ಸೇರುವವನು ಕೇಳಬೇಕಾದ ಪ್ರಶ್ನೆಗಳು

1. ಪ್ರಯೋಗದ ನೋಂದಣಿ ಸಂಖ್ಯೆ ಯಾವುದು? ದಾಖಲೆಯಲ್ಲಿ ನನ್ನ ಕಾಯಿಲೆಯ ಹೆಸರೇ ಇದೆಯೆ?

2. ಇದು ಎಷ್ಟನೆಯ ಹಂತ? ಮೊದಲ ಹಂತದ ಮುಖ್ಯ ಉದ್ದೇಶ ಅಪಾಯವಿಲ್ಲವೆ ಎಂದು ನೋಡುವುದು. ಗುಣದ ನಿರೀಕ್ಷೆಯನ್ನು ಅಲ್ಲಿ ಕಡಮೆ ಇಟ್ಟುಕೊಳ್ಳಬೇಕು. ಮೂರನೆಯ ಹಂತದಲ್ಲಿ ಹಲವರ ಮೇಲೆ ಹೋಲಿಕೆ ನಡೆಯುತ್ತದೆ.

3. ನನಗೆ ಔಷಧಿಯಿಲ್ಲದ ಗುಂಪು ಬಂದರೆ ಈಗಿನ ಚಿಕಿತ್ಸೆ ಮುಂದುವರಿಯುತ್ತದೆಯೆ?

4. ಕೋಶಗಳು ಯಾರವು, ಎಲ್ಲಿಂದ ತೆಗೆದುವು, ಹೇಗೆ ನನ್ನ ದೇಹಕ್ಕೆ ಸೇರುತ್ತವೆ? ಕ್ಷಯವಿಲ್ಲವೆಂದು ಪರೀಕ್ಷಿಸಿದ್ದಾರೆಯೆ?

5. ಎಷ್ಟು ಸಲ ಬರಬೇಕು, ಎಷ್ಟು ವರ್ಷ ನನ್ನನ್ನು ಗಮನಿಸುತ್ತಾರೆ? ಮಧ್ಯದಲ್ಲಿ ಬಿಟ್ಟುಬಿಡಬಹುದೆ? (ಯಾವ ಕಾರಣವನ್ನೂ ಹೇಳದೆ ಬಿಡಬಹುದು, ಅದರಿಂದ ಸಾಮಾನ್ಯ ಚಿಕಿತ್ಸೆಗೆ ಭಂಗ ಬರಬಾರದು.)

6. ಹಾನಿಯಾದರೆ ಹೊಣೆ ಯಾರದು? ಸಮ್ಮತಿ ಪತ್ರದಲ್ಲಿ ಬರೆದಿದೆಯೆ? ಆ ಪತ್ರ ನನಗೆ ತಿಳಿಯುವ ಭಾಷೆಯಲ್ಲಿದೆಯೆ?

7. ಪರೀಕ್ಷಿಸುತ್ತಿರುವ ಔಷಧಿಗೆ ನನ್ನಿಂದ ಹಣ ಕೇಳುತ್ತಿದ್ದಾರೆಯೆ?

ಕೊನೆಯ ಪ್ರಶ್ನೆಯು ಬಹು ಮುಖ್ಯವಾದುದು. ಪ್ರಯೋಗಕ್ಕೆ ಸೇರುವವನು ತನ್ನ ದೇಹವನ್ನು ಲೋಕಹಿತಕ್ಕಾಗಿ ಒಡ್ಡುತ್ತಾನೆ. ಮುಂದೆ ಬರುವ ರೋಗಿಗಳಿಗೆ ಅವನು ದಾನಿ. ದಾನಿಯಿಂದ ಶುಲ್ಕ ವಸೂಲುಮಾಡುವುದುಂಟೆ?

ನನ್ನ ಶಿಷ್ಯನ ಕೈಯಲ್ಲಿದ್ದ ಬಣ್ಣದ ಕಾಗದವನ್ನು ನಾವಿಬ್ಬರೂ ಈ ಪ್ರಶ್ನೆಗಳೊಡನೆ ಓದಿದೆವು. ನೋಂದಣಿ ಸಂಖ್ಯೆಯಿರಲಿಲ್ಲ. ಹಂತದ ಮಾತಿರಲಿಲ್ಲ. ಹೋಲಿಕೆಯ ಗುಂಪಿನ ಸುಳಿವಿರಲಿಲ್ಲ. ಗುಣಹೊಂದಿದವರ ಚಿತ್ರಗಳಿದ್ದುವು, ಒಟ್ಟು ಎಷ್ಟು ಮಂದಿಗೆ ಚಿಕಿತ್ಸೆ ಕೊಟ್ಟರೆಂಬ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಕೊನೆಯಲ್ಲಿ ಹಣ ಕಟ್ಟುವ ಕ್ರಮ ಮಾತ್ರ ಸವಿವರವಾಗಿದ್ದಿತು.

"ಹಾಗಾದರೆ ನಮ್ಮ ಅಣ್ಣನಿಗೆ ಪ್ರಯೋಗವೇ ಬೇಡವೆ ಸರ್?" ಎಂದು ಅವನು ಕೇಳಿದನು.

"ಹಾಗೆ ಹೇಳಲಾರೆ. ನಿಜವಾದ ಪ್ರಯೋಗವೊಂದು ಬಂದು, ಅವನ ವೈದ್ಯರು ತಕ್ಕದ್ದೆಂದು ಹೇಳಿ, ಅವನೇ ಪತ್ರವನ್ನು ಓದಿ ಒಪ್ಪುವುದಾದರೆ ಸೇರುವುದು ಗೌರವದ ಕೆಲಸ. ಈಗ ಬಳಕೆಯಲ್ಲಿರುವ ಇನ್‌ಫ್ಲಿಕ್ಸಿಮ್ಯಾಬ್ ಕೂಡ ಹಾಗೆ ಸೇರಿದವರಿಂದಲೇ ನಮಗೆ ದೊರೆತುದು. ಆದರೆ ಇದು ಪ್ರಯೋಗವಲ್ಲ," ಎಂದೆನು.

ಮರುವಾರ ಅವನು ಬಂದು, ಅಣ್ಣನು ತನ್ನ ವೈದ್ಯರನ್ನು ಕಂಡು ಹಿಂದಿನ ಚಿಕಿತ್ಸೆಯನ್ನೇ ಮುಂದುವರಿಸಿದ್ದಾನೆಂದೂ, ದಾಖಲೆಯನ್ನು ತಾನೇ ತಿಂಗಳಿಗೊಮ್ಮೆ ನೋಡುತ್ತಿದ್ದಾನೆಂದೂ ತಿಳಿಸಿದನು. ವ್ರಣ ಇನ್ನೂ ಮುಚ್ಚಿಲ್ಲ. ಬಳೆಗಳು ತಾಯಿಯ ಕೈಯಲ್ಲಿಯೇ ಇವೆ.

ಇನ್ನು ಮೊದಲು ಹೇಳಿದ ಸಂಖ್ಯೆ. 1928ರಲ್ಲಿ ರಾಮನ್ನರೂ ಕೆ.ಎಸ್. ಕೃಷ್ಣನ್ನರೂ 'ನೇಚರ್' ಪತ್ರಿಕೆಗೆ ಬರೆದ ಚಿಕ್ಕ ಪತ್ರದಲ್ಲಿ, ತಾವು ಸುಮಾರು 60 ದ್ರವಗಳನ್ನು ಪರೀಕ್ಷಿಸಿರುವುದಾಗಿಯೂ ಎಲ್ಲದರಲ್ಲಿಯೂ ಹೊಸ ಪರಿಣಾಮ ಕಂಡುದಾಗಿಯೂ ತಿಳಿಸಿದ್ದರು. ಒಂದರಲ್ಲಿ ಕಂಡುದು ಕಣ್ಣಿನ ಭ್ರಮೆಯಾಗಿರಬಹುದು. ಅರವತ್ತರಲ್ಲಿ ಕಂಡುದು ಪ್ರಕೃತಿಯ ನಿಯಮ. ಕರುಳಿನ ವ್ರಣವಾದರೂ ಬೆಳಕಿನ ಕಿರಣವಾದರೂ ಸತ್ಯವನ್ನು ಅರಿಯುವ ದಾರಿ ಒಂದೇ.

ಅಭ್ಯಾಸ

1. ಒಂದೇ ಕೋಶವು ಇಬ್ಭಾಗವಾಗುತ್ತ ಹೋದರೆ 12 ಕೋಟಿಯನ್ನು ಮೀರಲು ಎಷ್ಟು ಸಲ ಇಮ್ಮಡಿಯಾಗಬೇಕು? (ಉತ್ತರ: 27)

2. ಪ್ರತಿಗುಂಪಿನಲ್ಲಿ 400 ಮಂದಿಯಿದ್ದು, ಗುಣಹೊಂದುವ ಅಂಶ ಅರ್ಧದಷ್ಟಿದ್ದರೆ, ಎರಡು ಗುಂಪುಗಳ ವ್ಯತ್ಯಾಸದ ಮಾನಕ ವಿಚಲನೆ ಎಷ್ಟು? (ಉತ್ತರ: ಸುಮಾರು ಶೇಕಡಾ 3.5)

3. "ನಮ್ಮ ಔಷಧಿಯಿಂದ ಹತ್ತು ಮಂದಿಗೆ ಗುಣವಾಯಿತು" ಎಂಬ ಜಾಹೀರಾತನ್ನು ಓದಿದ ವಿದ್ಯಾರ್ಥಿಯು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿರಿ.